ನನ್ನ ಹೊಸ ಮಂಡಿ ಮತ್ತು ಎದ್ದು ನಿಂತ ಸೊಪ್ಪು

ಬಲ ಮಂಡಿ ಬದಲಾಯಿಸಿದ ಡಾಕ್ಟರು ಆಸ್ಪತ್ರೆಯಿಂದ ಕಳಿಸುವ ದಿನ ಹೇಳಿದರು: "ಅಮ್ಮಾ, ಇನ್ಮೇಲೆ ನೆಲದ ಮೇಲೆ ಕೂರೋ ಹಾಗಿಲ್ಲ. ಕುಕ್ಕರಗಾಲಂತೂ ಮರ್ತೇಬಿಡಿ."

ನಾನು ಸೊಪ್ಪು ಬೆಳೆಯುವವಳು. ಸುಬ್ರಹ್ಮಣ್ಯಪುರದ ಕಡೆ ಎರಡು ಅಪಾರ್ಟ್‌ಮೆಂಟುಗಳ ನಡುವೆ ಉಳಿದುಕೊಂಡಿರುವ ಜಮೀನಿನಲ್ಲಿ ದಂಟು, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಬೆಳೆದು ಜಯನಗರದ ಅಂಗಡಿಗಳಿಗೆ ಕೊಡುತ್ತೇನೆ. ಸೊಪ್ಪು ಕೀಳುವುದು ಕುಕ್ಕರಗಾಲಲ್ಲಿ ಕೂತು. ಕೂತಲ್ಲಿಂದಲೇ ಬಾತುಕೋಳಿಯ ಹಾಗೆ ಮುಂದೆ ಸರಿಯುತ್ತಾ ಬೇರುಸಹಿತ ಕಿತ್ತು, ಮಣ್ಣು ಒದರಿ, ಬಾಳೆನಾರಿನಲ್ಲಿ ಕಟ್ಟು ಕಟ್ಟುತ್ತಾ ಹೋಗಬೇಕು. ಹೀಗೆ ಕೂತು ಕೂತೇ ಮಂಡಿ ಸವೆದದ್ದು. ಈಗ ಕೂರಬೇಡ ಎಂದರೆ, ದರ್ಜಿಗೆ ಸೂಜಿ ಮುಟ್ಟಬೇಡ ಎಂದ ಹಾಗೆ.

"ಹಬ್ಬಕ್ಕೊಂದ್ಸಲನೂ ಬೇಡ್ವಾ ಡಾಕ್ಟ್ರೇ?" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ಚೌಕಾಸಿ ಮಾಡ್ಬೇಡಿ ಅಮ್ಮ. ಇದು ಸೊಪ್ಪಲ್ಲ."

ಚೌಕಾಸಿ ಮಾಡಬೇಡ ಎಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೊನೆಗೆ ಎಲ್ಲರೂ ಒಂದಿಷ್ಟಾದರೂ ಇಳಿದಿದ್ದಾರೆ. ಇಳಿಯದೆ ಉಳಿದದ್ದು ಈ ಮಂಡಿ ಒಂದೇ. ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಈ ಆಪರೇಷನ್ ಬಾಕಿ ಇದ್ದರೆ, ದುಡಿದು ತಿನ್ನುವವರಾದರೆ, ಉಪಯೋಗಕ್ಕೆ ಬಂದೀತು.

ಜಮೀನು ನನ್ನದಲ್ಲ. ಜಯನಗರದಲ್ಲಿರುವ ರಿಟೈರ್ಡ್ ಎಂಜಿನಿಯರೊಬ್ಬರದು. ನಮ್ಮಿಬ್ಬರ ನಡುವೆ ಇರುವುದು ಬಾಯಿಮಾತು ಮಾತ್ರ: ನಾನು ಕೈಯಾರೆ ಮಾಡುವವರೆಗೆ ನನ್ನದು. ಒಳ್ಳೆಯ ಮನುಷ್ಯರು. ಆದರೆ ಆ ಬೀದಿಯಲ್ಲಿ ಖಾಲಿ ಜಾಗ ಎಂದರೆ ಎಲ್ಲರ ಕಣ್ಣೂ ಅಲ್ಲಿಗೇ. ಕಾರು ನಿಲ್ಲಿಸುವವರು, ಜಲ್ಲಿ ಸುರಿಯುವವರು, ಕಟ್ಟಡಕ್ಕೆ ಸೆಂಟ್ರಿಂಗ್ ಹಲಗೆ ಬಾಡಿಗೆಗೆ ಕೊಡುವವನು, ಎಲ್ಲರೂ ಅವರ ಮನೆಗೆ ಹೋಗಿ ಕಾಫಿ ಕುಡಿದು ಬಂದವರೇ. ನಾನು ಹಾಸಿಗೆ ಹಿಡಿದೆ ಎಂದು ಗೊತ್ತಾದರೆ ಇವರಲ್ಲಿ ಯಾರು ಮೊದಲು ಓಡುತ್ತಾರೆ ಎನ್ನುವುದಷ್ಟೇ ಪ್ರಶ್ನೆಯಾಗಿತ್ತು.

ಆಪರೇಷನ್ ಆದ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಅದು ಸುಲಭ. ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲೆ. ಜೆ.ಪಿ. ನಗರದಿಂದ ಒಬ್ಬ ಫಿಸಿಯೋ ಹುಡುಗಿ ಸ್ಕೂಟರಿನಲ್ಲಿ ಬರುತ್ತಿದ್ದಳು. ತೆಳ್ಳಗೆ ಕಡ್ಡಿಯ ಹಾಗಿದ್ದಳು, ಕೈ ಮಾತ್ರ ಕಬ್ಬಿಣ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಮಂಡಿ ಮಡಿಸಬೇಕು, ಆಮೇಲೆ ತೊಡೆ ಬಿಗಿಹಿಡಿದು ಮಂಡಿಯನ್ನು ಹಾಸಿಗೆಗೆ ಒತ್ತಿ ನೇರ ಮಾಡಬೇಕು. ಎರಡೂ ಪ್ರಾಣ ಹಿಂಡುವ ಕೆಲಸ.

"ಆಂಟಿ, ಇನ್ನೊಂಚೂರು ಮಡ್ಸಿ. ಇನ್ನೈದು ಡಿಗ್ರಿ."

"ಎರಡು ಕೊಡ್ತೀನಿ ತಗೋ."

"ಆಂಟಿ, ನಾನೇನು ನಿಮ್ಮ ಹತ್ರ ಕೊತ್ತಂಬರಿ ಕೇಳ್ತಿದೀನಾ?"

"ಮೂರು. ಅದಕ್ಕಿಂತ ಜಾಸ್ತಿ ಆಗಲ್ಲ. ನಾಳೆ ಕಾಫಿ ಜೊತೆ ಚಕ್ಕುಲಿ ಕೊಡ್ತೀನಿ."

ಅವಳು ನಕ್ಕು ಬಿಡುತ್ತಿದ್ದಳು. ನಾನು ಗೆದ್ದೆ ಎಂದುಕೊಳ್ಳುತ್ತಿದ್ದೆ. ಅವಳು ಹೋದ ಮೇಲೆ ಸೊಸೆ ಪ್ರೀತಿಯಿಂದ ಮಂಡಿಯ ಕೆಳಗೆ ಒಂದು ದಿಂಬು ಇಡುವಳು. ಏನು ಸುಖ! ಬೆಣ್ಣೆಯ ಮೇಲೆ ಕಾಲಿಟ್ಟ ಹಾಗೆ. ಫಿಸಿಯೋ ಬರುವ ಹೊತ್ತಿಗೆ ದಿಂಬು ಮಂಚದ ಕೆಳಗೆ ಹೋಗುತ್ತಿತ್ತು.

ಒಂದು ದಿನ ಅವಳು ಹೇಳದೆ ಕೇಳದೆ ಬೇಗ ಬಂದಳು. ದಿಂಬು ನೋಡಿ ಕೈಕಟ್ಟಿ ನಿಂತಳು. "ಇದೆಷ್ಟು ದಿನದಿಂದ?" ಸೊಸೆ ಅಡುಗೆಮನೆಗೆ ಜಾರಿಕೊಂಡಳು. ಹುಡುಗಿ ನನ್ನ ಕಾಲನ್ನು ನೇರ ಮಾಡಿ ಮಂಡಿಯ ಕೆಳಗೆ ತನ್ನ ಕೈ ತೂರಿಸಿದಳು. ಇಡೀ ಅಂಗೈ ಸಲೀಸಾಗಿ ಹೋಯಿತು. "ನೋಡಿ ಆಂಟಿ, ಇಲ್ಲಿ ನನ್ನ ಬೆರಳೂ ಹೋಗ್ಬಾರ್ದಿತ್ತು. ದಿಂಬಿನ ಮೇಲೆ ಮಡಿಸಿಟ್ಟು ಇಟ್ಟು ಮಂಡಿ ಹಾಗೇ ಗಟ್ಟಿ ಆಗ್ತಿದೆ. ಹಿಂಗೇ ಬಿಟ್ರೆ ಜೀವನ ಪೂರ್ತಿ ಕುಂಟ್ತೀರ. ಆಮೇಲೆ ನಾನು ಬಂದ್ರೂ ಆಗಲ್ಲ, ನಿಮ್ಮ ಚಕ್ಕುಲಿ ಬಂದ್ರೂ ಆಗಲ್ಲ."

ಆವತ್ತು ನನಗೆ ಅರ್ಥವಾಯಿತು. ಅವಳು ಬಿಟ್ಟುಕೊಟ್ಟ ಡಿಗ್ರಿಗಳನ್ನು ನಾನು ಲಾಭ ಎಂದು ಎಣಿಸಿಕೊಂಡಿದ್ದೆ. ಅವೆಲ್ಲ ನನ್ನ ಗಂಟಿನಿಂದಲೇ ಹೋಗಿದ್ದವು. ನಿಮಗೆ ಹೇಳುತ್ತೇನೆ ಕೇಳಿ: ಡಾಕ್ಟರ ಫೀಸಿನಲ್ಲಿ ಚೌಕಾಸಿ ಮಾಡಿ, ರೂಮಿನ ಬಾಡಿಗೆಯಲ್ಲಿ ಮಾಡಿ, ವಾಕರನ್ನು ಹೊಸದು ಕೊಳ್ಳದೆ ಪಕ್ಕದ ಮನೆಯವರದ್ದು ಕೇಳಿ ತನ್ನಿ. ವ್ಯಾಯಾಮದಲ್ಲಿ ಮಾತ್ರ ಕೇಳಿದಷ್ಟು ಕೊಟ್ಟುಬಿಡಿ. ಮೇಲೆ ಕೊಸರೂ ಹಾಕಿ.

ಆಮೇಲೆ ಹಲ್ಲು ಕಚ್ಚಿ ಮಾಡಿದೆ. ದಿಂಬು ಹಿಮ್ಮಡಿಯ ಕೆಳಗೆ ಹೋಯಿತು, ಮಂಡಿ ತನ್ನ ಭಾರಕ್ಕೆ ತಾನೇ ಇಳಿಯಲಿ ಎಂದು. ಪ್ರತಿ ಸಲವೂ ಒಳಗೆ ಹಳೇ ಗೋಣಿಚೀಲ ಹರಿದ ಹಾಗಾಗುತ್ತಿತ್ತು.

ಈ ನಡುವೆ ಜಮೀನು ನೋಡಿಕೊಂಡವರು ಸೊಪ್ಪು ಕೀಳುವ ಹೆಂಗಸರು. ಅವರಿಗೊಬ್ಬಳು ಮುಖಂಡಳಿದ್ದಾಳೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಬಿಟ್ಟು ಈ ಕೆಲಸಕ್ಕೆ ಬಂದವಳು, ನಾಲಿಗೆ ಕುಡುಗೋಲಿನಂಥದ್ದು. ನಮ್ಮಲ್ಲಿ ಒಂದು ಪದ್ಧತಿ ಇದೆ. ಬೆಳೆ ಯಾರದ್ದೋ ಅವರು ಮೊದಲ ಸಾಲಿನ ತಲೆಯಲ್ಲಿ ಕೂತು ಮೊದಲ ಕಟ್ಟು ಕಟ್ಟಬೇಕು. ಆ ಕಟ್ಟನ್ನು ಬದುವಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಡುತ್ತಾರೆ. ಉಳಿದವರೆಲ್ಲ ಅದಕ್ಕೆ ಸಮನಾಗಿ ಕಟ್ಟಬೇಕು. ಅಂಗಡಿಯವರು ನನ್ನ ಸೊಪ್ಪನ್ನು ಬಿಚ್ಚಿ ನೋಡದೆ ಇಳಿಸಿಕೊಳ್ಳುವುದು ಆ ಮೊದಲ ಕಟ್ಟಿನ ನಂಬಿಕೆಯ ಮೇಲೆ.

ಹಾಸಿಗೆಯಲ್ಲಿದ್ದರೂ ಮೊದಲ ಕಟ್ಟು ನನ್ನ ಕೈಯದೇ ಆಗಬೇಕು ಎಂದು ಹಟ ಹಿಡಿದೆ. ಸಂಜೆ ಸೊಸೆ ಹೋಗಿ ಒಂದು ತೆಕ್ಕೆ ದಂಟು ಕಿತ್ತು ತರುವಳು. ನಾನು ಮಂಚದ ಮೇಲೆ ಕಾಲು ಚಾಚಿಕೊಂಡು ನನ್ನ ಹಿಡಿಯ ಅಳತೆಗೆ ಕಟ್ಟುವೆ. ಬೆಳಿಗ್ಗೆ ಅದು ಜಮೀನಿಗೆ ಹೋಗುವುದು. ಎಷ್ಟು ಜಾಣತನ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಜಯನಗರದ ಅಂಗಡಿಯಿಂದ ಫೋನು ಬಂತು. "ಏನಮ್ಮಾ, ಕಟ್ಟು ಹಿಂಗೆ ಸಣ್ಣಗಾಗ್ತಾ ಬಂದ್ರೆ ಹೆಂಗೆ? ಗಿರಾಕಿಗಳು ನನ್ನ ಬಯ್ತಾರೆ. ನಾಳೆಯಿಂದ ಬೇರೆಯವರ ಹತ್ರ ತಗೋತೀನಿ."

ನಾನು ಮುಖಂಡಳಿಗೆ ಫೋನು ಮಾಡಿ ಕೂಗಾಡಿದೆ. ಅವಳೇನು ಬಿಡುವವಳಾ? "ಅಕ್ಕಾ, ಸುಮ್ಸುಮ್ನೆ ಬಾಯಿ ಮಾಡ್ಬೇಡಿ. ನೀವು ಕಳಿಸಿದ ಕಟ್ಟಿಗೆ ಸಮ ಮಾಡಿ ಕಟ್ತಿದೀವಿ. ನಿಮ್ ಕಟ್ಟೇ ಇಲಿ ಬಾಲದಂಗಿದ್ರೆ ನಾವೇನು ಆನೆ ಸೊಂಡಿಲು ಕಟ್ಟೋಣಾ?"

ಫೋನು ಇಟ್ಟ ಮೇಲೆ ಹೊಳೆಯಿತು. ಸಂಜೆ ಕಿತ್ತ ಸೊಪ್ಪು ರಾತ್ರಿ ಕಳೆಯುವಷ್ಟರಲ್ಲಿ ಬಾಡುತ್ತದೆ, ಕುಗ್ಗುತ್ತದೆ. ಬಾಡಿದ ನನ್ನ ಕಟ್ಟನ್ನು ಬದುವಿನ ಮೇಲಿಟ್ಟು, ಅದಕ್ಕೆ ಸರಿಸಮನಾಗಿ ಅವರು ತಾಜಾ ಸೊಪ್ಪು ಕಟ್ಟಿದ್ದರು. ಇಷ್ಟು ವರ್ಷ ಸೊಪ್ಪು ಮುಟ್ಟಿದವಳಿಗೆ ಸೊಪ್ಪು ಬಾಡುತ್ತದೆ ಎನ್ನುವುದು ಮರೆತುಹೋಗಿತ್ತು! ಮಂಚದ ಮೇಲಿಂದ ಬೇಸಾಯ ಮಾಡಿದರೆ ಹೀಗೇ.

ಮರುದಿನ ಆಟೋ ಹತ್ತಿ ಜಮೀನಿಗೆ ಹೋದೆ. ಹೊಲಿಗೆ ಬಿಚ್ಚಿ, ಗಾಯ ಒಣಗಿತ್ತು. ಮಣ್ಣು, ಕೊಳೆನೀರು ತಾಗಬಾರದು ಎಂದು ಡಾಕ್ಟರು ಹೆದರಿಸಿದ್ದರಿಂದ ಕಾಲಿಗೆ ಪ್ಲಾಸ್ಟಿಕ್ ಸುತ್ತಿಕೊಂಡಿದ್ದೆ. ವಾಕರ್ ಹಸಿ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ ಎಂದು ಮೊದಲೇ ಊಹಿಸಿ, ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಅದರ ನಾಲ್ಕೂ ಕಾಲಿಗೆ ಅಗಲ ಪಾದ ಮಾಡಿ ಕಟ್ಟಿಸಿದ್ದೆ. ಇದು ಒಳ್ಳೆಯ ಉಪಾಯ, ಬೇಕಾದರೆ ಮಾಡಿಕೊಳ್ಳಿ. ಆಮೇಲೆ ಮಾಡಿದ್ದನ್ನು ಮಾತ್ರ ಮಾಡಬೇಡಿ.

ಸಾಲಿನ ತಲೆಯಲ್ಲಿ ಒಂದು ಟೊಮೆಟೊ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟೆ. ನೆಲದ ಮೇಲೆ ತಾನೇ ಕೂರಬೇಡ ಎಂದದ್ದು, ಕ್ರೇಟಿನ ಮೇಲೆ ಬೇಡ ಎಂದಿಲ್ಲವಲ್ಲ, ಇದು ನನ್ನ ವಾದ. ಕಿತ್ತೆ, ಒದರಿದೆ, ಕಟ್ಟಿದೆ. ಮೊದಲ ಕಟ್ಟು ನನ್ನ ಹಿಡಿಯ ತುಂಬ ಬಂತು. ಎದೆಯೂ ತುಂಬಿತು. ಎದ್ದೇಳಲು ಹೋದರೆ ಆಗಲಿಲ್ಲ. ಕ್ರೇಟು ಮೊಣಕಾಲಿಗಿಂತ ಬಹಳ ಕೆಳಗಿತ್ತು. ಹೊಸ ಮಂಡಿ ಅಷ್ಟು ಬಾಗುತ್ತಿಲ್ಲ, ಎಡಗಾಲಿನ ಹಳೇ ಮಂಡಿಗೆ ತಾಕತ್ತಿಲ್ಲ. ತಿರುಚಿ ಏಳಲು ಹೋದೆ. ಒಳಗೆ ಬೆಂಕಿ ಹತ್ತಿದ ಹಾಗಾಯಿತು.

"ಹಿಡ್ಕೊಳ್ರೇ, ಅಕ್ಕ ಬೇರು ಬಿಟ್ಟವ್ರೆ!" ಎಂದಳು ಮುಖಂಡಳು. ನಾಲ್ಕು ಜನ ಸೇರಿ ಮೂಟೆಯ ಹಾಗೆ ಎತ್ತಿದರು.

ಸಂಜೆಯೊಳಗೆ ಮಂಡಿ ಕುಂಬಳಕಾಯಿ. ಮುಟ್ಟಿದರೆ ಬಿಸಿ. ಡಾಕ್ಟರ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡೆ. ಒಳಗೆ ಸೋಂಕು ಆಗಿದ್ದರೆ ಹಾಕಿದ್ದನ್ನೆಲ್ಲ ಮತ್ತೆ ತೆಗೆಯಬೇಕಾಗಬಹುದು ಎಂದರು. ಸಿರಿಂಜಿನಲ್ಲಿ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಸೊಸೆ ಊಟ ತಂದಿಟ್ಟರೆ ತಟ್ಟೆ ಹಾಗೇ ವಾಪಸ್ಸು. ಸೋಂಕು ಇರಲಿಲ್ಲ, ಬರೀ ಊತ. ಮಂಜುಗಡ್ಡೆ, ಮಾತ್ರೆ, ಮತ್ತೆ ಹಾಸಿಗೆ.

ಆ ವಾರವೇ ಜಮೀನಿನ ಯಜಮಾನರು ಹಣ್ಣು ಹಿಡಿದುಕೊಂಡು ಮನೆಗೆ ಬಂದರು. ಹಣ್ಣು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಖಾಲಿ ಕೈಯಲ್ಲಿ ಬರುವವರು ಕೇಳಲು ಬರುತ್ತಾರೆ, ಹಣ್ಣು ತಂದವರು ಕಿತ್ತುಕೊಳ್ಳಲು.

"ನೋಡಮ್ಮ, ನಮ್ಮನೆಯವಳು ಹೇಳಿದ್ಲು, ಅಂಗಡೀಲಿ ನಿಮ್ಮ ಸೊಪ್ಪಿನ ಕಟ್ಟು ಸಣ್ಣಗಾಗಿದೆ ಅಂತ. ಆಗಲೇ ಅಂದ್ಕೊಂಡೆ, ಅಮ್ಮಂಗೆ ಕೈಲಾಗ್ತಿಲ್ಲ ಅಂತ. ಮೊನ್ನೆ ಬಿದ್ರಂತಲ್ಲ?"

"ಬೀಳ್ಲಿಲ್ಲ ಸಾರ್. ಏಳಕ್ಕಾಗ್ಲಿಲ್ಲ. ಎರಡೂ ಬೇರೆ."

ಅವರು ನಗಲಿಲ್ಲ. "ಸಾಕು ಮಾಡಿ ಅಮ್ಮ. ಇಷ್ಟು ವರ್ಷ ದುಡಿದ್ರಿ. ಆ ಸೆಂಟ್ರಿಂಗ್‌ನವನು ಕೇಳ್ತಾನೇ ಇದಾನೆ. ಒಂದು ಮೂಲೇಲಿ ಹಲಗೆ ಹಾಕ್ಕೋ ಅಂದಿದೀನಿ. ಮನೇಲಿ ಆರಾಮಾಗಿರಿ."

ಆರಾಮ! ಆ ಪದ ಕೇಳಿ ನನಗೆ ಮಂಡಿಗಿಂತ ಜಾಸ್ತಿ ಉರಿಯಿತು. ಆದರೆ ಸಿಟ್ಟು ಬಂದಾಗ ಬೆಲೆ ಹೇಳಬಾರದು, ಇದು ವ್ಯಾಪಾರದ ಮೊದಲ ಪಾಠ. ನೀರು ಕುಡಿದೆ.

"ಸಾರ್, ಕೈಯಾರೆ ಮಾಡೋವರೆಗೆ ನನ್ನದು, ಅದು ತಾನೇ ಮಾತು? ಒಂದು ಬೆಳೆ ಕೊಡಿ. ದಂಟು ಬಿತ್ತುತ್ತೀನಿ. ಕೀಳೋ ದಿನ ನೀವೇ ಬನ್ನಿ. ಸಾಲಿನ ತಲೇಲಿ ನಾನಿಲ್ದೆ ಹೋದ್ರೆ, ಮೊದಲ ಕಟ್ಟು ನನ್ನ ಕೈಯದಲ್ದೆ ಹೋದ್ರೆ, ಜಮೀನಿನ ಗೇಟಿನ ಬೀಗದ ಕೈ ನಾನೇ ತಂದ್ಕೊಡ್ತೀನಿ."

"ಕೂರೋಕೆ ಆಗಲ್ವಲ್ಲಮ್ಮ ನಿಮಗೆ?"

"ಅದು ನನಗೆ ಬಿಡಿ."

ಬಿಡಿ ಎಂದೆನೇ ಹೊರತು ನನ್ನ ಹತ್ತಿರ ಏನೂ ಇರಲಿಲ್ಲ. ಅವರು ಹೋದ ಮೇಲೆ ಅವರೇ ತಂದ ಮೂಸಂಬಿ ಸುಲಿಯುತ್ತಾ ಯೋಚಿಸಿದೆ. ಒಂದೊಂದೇ ಕೆಲಸ ತೆಗೆದು ನೋಡಿದೆ. ಬೀಜ ಎರಚುವುದು ನಿಂತು. ಬೀಜ ಮುಚ್ಚಲು ಮಣ್ಣಿನ ಮೇಲೆ ಹಲುಬೆ ಎಳೆಯುವುದು ನಿಂತು. ನೀರು ಬಿಡುವುದು, ಗೊಬ್ಬರ ಎರಚುವುದು ನಿಂತು. ಅಂಗಡಿಯವನ ಜೊತೆ ಜಗಳ ಆಡುವುದು ಯಾವಾಗಲೂ ನಿಂತೇ. ಕೂರಬೇಕಾದ್ದು ಕಳೆಗೆ ಮತ್ತು ಕೀಳುವುದಕ್ಕೆ. ಕಳೆಗೆ ಆಳಿದ್ದಾರೆ. ಹಾಗಾದರೆ ನಾನು ಕೂರಲೇಬೇಕಾದದ್ದು ಒಂದೇ ಜಾಗದಲ್ಲಿ, ಸಾಲಿನ ತಲೆಯಲ್ಲಿ. ಡಾಕ್ಟರು ಸರಿ, ಫಿಸಿಯೋ ಹುಡುಗಿ ಸರಿ, ನಾನು ಕೆಳಗೆ ಇಳಿಯುವ ಹಾಗಿಲ್ಲ. ಆದರೆ ಸೊಪ್ಪು ಮೇಲೆ ಬರಬಾರದು ಎಂದು ಯಾರು ಹೇಳಿದ್ದಾರೆ? ನಾನು ಕೂರೋ ಹಾಗಿಲ್ಲವಾ, ಸೊಪ್ಪೇ ಎದ್ದು ನಿಲ್ಲಲಿ.

ಮೇಜಿನ ಮೇಲೆ ಮಣ್ಣು ತುಂಬಿ ಸೊಪ್ಪು ಬೆಳೆಯುವ ಯೋಚನೆಯನ್ನು, ಊತ ಇಳಿದ ಮೇಲೆ ಫಿಸಿಯೋ ಹುಡುಗಿಗೆ ಹೇಳಿದೆ. ಈ ಸಲ ಬಚ್ಚಿಡಲಿಲ್ಲ. ಅವಳು ನನ್ನನ್ನು ಗೋಡೆಗೆ ನಿಲ್ಲಿಸಿ, ಮೊಣಕೈ ಮಡಿಸಿ, ಸೊಂಟದ ಹತ್ತಿರ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. "ಇಷ್ಟೆತ್ತರ ಇದ್ರೆ ಬೆನ್ನೂ ಬಗ್ಗಲ್ಲ, ಮಂಡಿಗೂ ಭಾರ ಬೀಳಲ್ಲ. ಪಕ್ಕದಲ್ಲಿ ಒಂದು ಎತ್ತರದ ಸ್ಟೂಲ್ ಇಟ್ಕೊಳ್ಳಿ, ಸುಸ್ತಾದ್ರೆ ಒರಗಿ. ವ್ಯಾಯಾಮ ಒಂದು ದಿನ ತಪ್ಪಿದ್ರೂ ನಾನೇ ಬಂದು ಕಿತ್ತು ಹಾಕ್ತೀನಿ."

ಮೇಜಿಗೆ ಮರ ಬೇಕಲ್ಲ. ಮರ ಜಮೀನಿನ ಮೂಲೆಯಲ್ಲೇ ಬಿದ್ದಿತ್ತು. ಸೆಂಟ್ರಿಂಗ್‌ನವನು ಮೂಲೆ ಎಂದು ಹೇಳಿಸಿಕೊಂಡು ಸೊಪ್ಪಿನ ಎರಡು ಮಡಿಯ ಮೇಲೆ ಹಲಗೆ ಹೇರಿದ್ದ. ವಾಕರ್ ಊರಿಕೊಂಡು ಹೋಗಿ ಅವನ ಮುಂದೆ ನಿಂತೆ.

"ಏನಪ್ಪಾ, ಇದೇನು ನಿಮ್ ತಾತನ ಗದ್ದೇನಾ?"

"ಓನರ್ ಹೇಳಿದ್ರು ಆಂಟಿ."

"ಮೂಲೆ ಅಂದ್ರು. ಇದು ಮೂಲೇನಾ? ಈ ಬೆಳೆ ಮುಗಿಯೋವರೆಗೂ ಜಾಗ ನಂದು. ನಿನ್ನ ಹಲಗೆ ಕೆಳಗೆ ನನ್ನ ಕೊತ್ತಂಬರಿ ಸಾಯ್ತಿದೆ. ಇವತ್ತೇ ಎತ್ತು. ಇಲ್ಲಾ, ಕಾಂಕ್ರೀಟಿಗೆ ಬಾರದ ಸೊಟ್ಟ ಹಲಗೆ, ಮುರುಕು ಸರ್ವೆ ಕಂಬ ನನಗೆ ಕೊಟ್ಟು ಉಳಿದಿದ್ದು ಇಟ್ಕೋ."

ಅವನು ತಲೆ ಕೆರೆದುಕೊಂಡ. "ಏನ್ಮಾಡ್ತೀರ ಆಂಟಿ ಅದನ್ನ ತಗೊಂಡು?"

"ಅಡುಗೆ ಮಾಡ್ತೀನಿ. ಕೊಡ್ತೀಯೋ ಇಲ್ವೋ?"

ಕೊಟ್ಟ. ಮೊಳೆಯನ್ನೂ ಅವನೇ ಹೊಡೆದುಕೊಟ್ಟ. ತನ್ನ ಹಲಗೆಯಿಂದಲೇ ತನಗೆ ಬೇಲಿ ಕಟ್ಟುತ್ತಿದ್ದೇನೆಂದು ಪಾಪ ಅವನಿಗೇನು ಗೊತ್ತು.

ಕಂಬಗಳ ಮೇಲೆ ಹಲಗೆ ಜೋಡಿಸಿ, ಸುತ್ತ ಪಟ್ಟಿ ಹೊಡೆದು, ಪ್ಲಾಸ್ಟಿಕ್ ಹಾಸಿ, ಗೇಣುದ್ದ ಮಣ್ಣು ಗೊಬ್ಬರ ತುಂಬಿಸಿದೆ. ಸಾಲುಗಳ ತಲೆಯಲ್ಲಿ ಉದ್ದಕ್ಕೆ ಒಂದು ಮೇಜು. ನೆಲದ ಮಡಿಗಳಲ್ಲೂ ಮೇಜಿನ ಮೇಲೂ ಒಂದೇ ದಿನ ದಂಟು ಎರಚಿದೆ, ನಿಂತುಕೊಂಡೇ.

ನೆಲದಲ್ಲಿ ದಂಟು ನಗುತ್ತಾ ಎದ್ದಿತು. ಮೇಜಿನ ಮೇಲೆ ಮೊಳಕೆಯೊಡೆದು ಕುತ್ತಿಗೆ ಮುರಿದುಕೊಂಡು ಮಲಗಿತು. ಪ್ಲಾಸ್ಟಿಕ್ಕಿನಲ್ಲಿ ನೀರು ನಿಂತು ಬುಡ ಕೊಳೆತಿತ್ತು. ಒದ್ದೆ ಮಣ್ಣಿನ ಭಾರಕ್ಕೆ ಹಲಗೆಯೂ ನಡುವೆ ತೊಟ್ಟಿಲಿನ ಹಾಗೆ ಜೋತಿತ್ತು.

"ಅಕ್ಕಾ, ಸೊಪ್ಪಿಗೆ ಮಂಚ ಹಾಕಿದ್ರಲ್ಲ, ಅದೂ ನಿಮ್ಮಂಗೇ ಮಲ್ಕೊಂಡ್‌ಬಿಡ್ತು" ಎಂದಳು ಮುಖಂಡಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ದಿನ ಎಣಿಸುತ್ತಿದ್ದೆ. ನೆಲದ ದಂಟು ಕೀಳಲು ಬರುವಷ್ಟರಲ್ಲಿ ಮೇಜಿನ ಮೇಲೆ ಇನ್ನೊಂದು ಸಲ ದಂಟು ಬಿತ್ತಿದರೆ ಅದು ಬೆರಳುದ್ದವೂ ಆಗುವುದಿಲ್ಲ.

ಎಲ್ಲ ಬಗೆದು ತೆಗೆಸಿದೆ. ಪ್ಲಾಸ್ಟಿಕ್ ಎಸೆದು, ಹಲಗೆಗಳ ನಡುವೆ ಬೆರಳು ಹೋಗುವಷ್ಟು ಸಂದು ಬಿಡಿಸಿ, ಗೋಣಿಚೀಲ ಹಾಸಿಸಿದೆ. ನೀರು ಇಳಿಯಬೇಕು, ಮಣ್ಣು ಇಳಿಯಬಾರದು. ನಡುವೆ ಇನ್ನೆರಡು ಕಂಬ ಕೊಡಿಸಿದೆ. ಈ ಸಲ ದಂಟಿನ ಬದಲು ನೆನೆಸಿದ ಮೆಂತ್ಯ ಹಾಕಿದೆ. ಎಳೆಯದರಲ್ಲೇ ಕೀಳುವ ಸೊಪ್ಪು ಅದು, ತಡವಾಗಿ ಹೊರಟರೂ ಬಸ್ಸು ಹಿಡಿಯುತ್ತದೆ. ಬೆಳಿಗ್ಗೆ ವ್ಯಾಯಾಮ, ಆಮೇಲೆ ಮೇಜಿಗೆ ನೀರು. ಮೆಂತ್ಯ ಎರಡೆಲೆ ಬಿಡುವಾಗ ವಾಕರ್ ಬಿಟ್ಟಿದ್ದೆ. ಅದು ಗೊಂಚಲಾಗುವಾಗ ನನ್ನ ಮಂಡಿಯ ಕೆಳಗೆ ಫಿಸಿಯೋ ಹುಡುಗಿಯ ಬೆರಳು ತೂರಲಿಲ್ಲ.

ಕೀಳುವ ದಿನ ಬೆಳಕು ಹರಿಯುವ ಹೊತ್ತಿಗೆ ಯಜಮಾನರು ಕಾರಿನಲ್ಲಿ ಬಂದರು. ಜೊತೆಗೆ ಸೆಂಟ್ರಿಂಗ್‌ನವನು. ಹೆಂಗಸರು ಸಾಲು ಹಿಡಿದು ಕೂತಿದ್ದರು, ಆದರೆ ಯಾರೂ ಕೈ ಹಾಕಿರಲಿಲ್ಲ. ಪದ್ಧತಿ ಪದ್ಧತಿಯೇ.

ನಾನು ಮೇಜಿನ ಮುಂದೆ ನಿಂತೆ. ಮೆಂತ್ಯದ ಬುಡಕ್ಕೆ ಕೈ ಹಾಕಿ ಕಿತ್ತೆ, ಒದರಿದೆ, ಹಿಡಿ ತುಂಬಿಸಿದೆ, ಬಾಳೆನಾರು ಸುತ್ತಿ ಬಿಗಿದೆ. ಬದುವಿನ ಮೇಲೆ ಇಡಲು ಬಗ್ಗಬೇಕಿತ್ತು. ನಾನು ಬಗ್ಗಲಿಲ್ಲ. ಮೇಜಿನ ಕಂಬಕ್ಕೆ ಒಂದು ಮೊಳೆ ಹೊಡೆಸಿದ್ದೆ. ಅದಕ್ಕೆ ತೂಗುಹಾಕಿದೆ. ನೆಲದ ಕೊನೆಯ ಸಾಲಿನಲ್ಲಿ ಕೂತವಳಿಗೂ ಕಾಣುವ ಹಾಗೆ.

"ಇದಕ್ಕೆ ಸಮ!" ಎಂದು ಕೂಗಿದೆ.

ಮುಖಂಡಳು ಕತ್ತೆತ್ತಿ ನೋಡಿದಳು. "ಅಯ್ಯೋ ಅಕ್ಕಾ, ಇದು ಭಾರೀ ದಪ್ಪ ಆಯ್ತು. ಆ ಇಲಿ ಬಾಲನೇ ವಾಸಿ ಇತ್ತು!" ಎನ್ನುತ್ತಾ ದಂಟಿಗೆ ಕೈ ಹಾಕಿದಳು. ಸಾಲು ಹೊರಟಿತು.

ಯಜಮಾನರು ಮೇಜಿನ ಸುತ್ತ ಒಂದು ಸುತ್ತು ಬಂದರು. ಎಂಜಿನಿಯರಲ್ಲವೇ, ಕಂಬ ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ. ಸೆಂಟ್ರಿಂಗ್‌ನವನ ಕಡೆ ತಿರುಗಿ "ಇವು ನಿನ್ನ ಹಲಗೆ ಅಲ್ವೇನಯ್ಯಾ?" ಎಂದರು. ಅವನು ಮೊಬೈಲು ನೋಡಿದ.

ನಾನು ಒಂದು ಕಟ್ಟು ಮೆಂತ್ಯ ಅವರ ಕೈಗಿಟ್ಟೆ. "ಅಮ್ಮಾವ್ರಿಗೆ ಕೊಡಿ ಸಾರ್. ಸಣ್ಣ ಇದೆಯಾ ಕೇಳಿ."

ಅವರು ಅದನ್ನು ಕೈಯಲ್ಲಿ ತೂಗಿದರು. "ಒಪ್ಕೊಂಡೆ ಬಿಡಮ್ಮ. ಇನ್ನೆಷ್ಟು ವರ್ಷ ಮಾಡ್ತೀರಿ ಹೇಳಿ."

"ನೋಡ್ಕೊಂಡ್ರೆ ಈ ಮಂಡಿ ಹದಿನೈದು ವರ್ಷಕ್ಕೆ ಮೋಸ ಇಲ್ಲ ಅಂದಿದಾರೆ ಡಾಕ್ಟ್ರು. ಅಷ್ಟಕ್ಕೇ ಮಾತಾಡೋಣ ಸಾರ್."

ಅವರು ಜೋರಾಗಿ ನಕ್ಕರು. "ಹದಿನೈದಾ! ಅಷ್ಟೊತ್ತಿಗೆ ನಾನಿರ್ಬೇಕಲ್ಲ! ಒಂದು ವರ್ಷ."

"ಆಯ್ತು ಸಾರ್, ನಿಮ್ಮಾತೇ ಇರ್ಲಿ, ಒಂದೇ ವರ್ಷ. ಆದ್ರೆ ಎಡ ಮಂಡಿ ಇನ್ನೂ ಬಾಕಿ ಇದೆ. ಅದರ ಆಪರೇಷನ್ ಆಗಿ, ನಾನು ಎದ್ದು ಬಂದು ಸಾಲಿನ ತಲೇಲಿ ನಿಂತ ದಿನದಿಂದ ಒಂದು ವರ್ಷ. ನಾನು ಮಲಗಿದ್ದಾಗ ಹಣ್ಣು ಹಿಡ್ಕೊಂಡು ಬರೋ ಹಾಗಿಲ್ಲ."

"ಸರಿಯಮ್ಮ, ಆಯ್ತು" ಎಂದು ಕೈ ಕೊಟ್ಟರು. ಕಾರಿನ ಬಾಗಿಲು ತೆಗೆದವರು ನಿಂತು ತಿರುಗಿದರು. "ಅಂದಹಾಗೆ, ಎಡಗಾಲಿನ ಆಪರೇಷನ್ ಯಾವಾಗ?"

"ಅದು ನಾನು ಹೇಳ್ದಾಗ ಸಾರ್."

ಒಂದು ಕ್ಷಣ ಬೇಕಾಯಿತು ಅವರಿಗೆ. ಆಮೇಲೆ ಹಣೆ ಚಚ್ಚಿಕೊಂಡು ಕಾರು ಹತ್ತಿದರು. ಸಾಲಿನಲ್ಲಿ ಕೂತಿದ್ದ ಮುಖಂಡಳಿಗೆ ಅದಕ್ಕಿಂತ ಮೊದಲೇ ಅರ್ಥವಾಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಎಡ ಮಂಡಿ ನೋಯುತ್ತದೆ, ಇಲ್ಲ ಎನ್ನುವುದಿಲ್ಲ. ಹಾಗೆಂದು ಸುಮ್ಮನೆ ಮುಂದೂಡಿಕೊಂಡು ಕೂತಿಲ್ಲ, ನೀವೂ ಕೂರಬೇಡಿ. ಸೆಂಟ್ರಿಂಗ್‌ನವನ ಹತ್ತಿರ ಇನ್ನಷ್ಟು ಸೊಟ್ಟ ಹಲಗೆ ಮಾತಾಡಿಟ್ಟಿದ್ದೇನೆ. ಕಳೆದ ಸಲ ತೋರಿಸಿಕೊಳ್ಳಲು ಹೋದಾಗ ಡಾಕ್ಟರು ಕೇಳಿದರು, "ಏನಮ್ಮಾ, ಎಡಗಾಲಿಗೆ ದಿನ ಹಾಕೋಣ್ವಾ?"

"ಹಾಕಿ ಡಾಕ್ಟ್ರೇ. ಇನ್ನೊಂದು ಮೇಜಿಗೆ ಮಣ್ಣು ತುಂಬಿಸ್ಬೇಕು, ಅದೊಂದು ಮುಗೀಲಿ. ಈ ಸಲ ಮೊದಲು ಮೇಜು, ಆಮೇಲೆ ಮಂಡಿ."